ಇಷ್ಟು ಮೆತ್ತಗೆ ಮಾತಾಡಬೇಡ

"ಸರಿಯಾಗಿ ವಿಳಾಸ ಹೇಳೋಕೂ ಬರಲ್ವಾ ನಿಮಗೆ? ಅರ್ಧ ಊರು ಸುತ್ತಿಸಿದ್ರಲ್ರೀ!"

ಆಂಬುಲೆನ್ಸ್ ಡ್ರೈವರ್ ಕಂಟ್ರೋಲ್ ರೂಮಿಗೆ ನುಗ್ಗಿ ಹೀಗೆ ಕೂಗಾಡಿದ್ದೇ ಅವರಿಬ್ಬರ ಮೊದಲ ಭೇಟಿ. ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಹುಡುಗಿ ತಲೆ ಎತ್ತಿದಳು.

"ತಪ್ಪು ನನ್ನದೇ. ಮೊದಲು ನೀರು ಕುಡೀರಿ, ಆಮೇಲೆ ಬೈಯಿರಿ."

ಅಷ್ಟೇ! ಮಹಾಶಯ ಅಲ್ಲೇ ಮನಸೋತ.

ತಣ್ಣೀರನ್ನೂ ಆರಿಸಿ ಕುಡಿಯೋ ಜಾತಿ ಅವಳದು. ಫೋನಿನಲ್ಲಿ ಜನ ಎದೆ ಬಡಿದುಕೊಂಡು ಅಳುತ್ತಿದ್ದರೂ "ಗಾಬರಿಯಾಗಬೇಡಿ" ಎನ್ನುತ್ತಿದ್ದಳು. ಕೇಸು ಕೈಮೀರಿದಷ್ಟೂ ಅವಳ ಧ್ವನಿ ಮೆತ್ತಗಾಗುತ್ತಿತ್ತು. ವೈರ್‌ಲೆಸ್ಸಿನಲ್ಲಿ ಆ ಧ್ವನಿ ಬಂತೆಂದರೆ ತರೋದು ಹೆಣವೇ ಎಂದು ಡ್ರೈವರುಗಳು ತಮ್ಮೊಳಗೇ ಗೊಣಗಿಕೊಳ್ಳುತ್ತಿದ್ದರು. ಅವಳ ಕಿವಿಗೆ ಮಾತ್ರ ಯಾರೂ ಹಾಕಿರಲಿಲ್ಲ.

ಇಬ್ಬರೂ ಮದುವೆಯಾದರು. ಚೆನ್ನಾಗಿಯೇ ಇದ್ದರು. ಆದರೆ ಕಳೆದ ತಿಂಗಳಿಂದ ಗಂಡ ಬಾಯಿಗೆ ಬೀಗ ಹಾಕಿಕೊಂಡಿದ್ದ. ಬರೋದು, ತಿನ್ನೋದು, ಗೋಡೆ ಕಡೆ ತಿರುಗಿ ಮಲಗೋದು. ಕೇಳಿದರೆ "ಏನಿಲ್ಲ".

'ನಾನು ಬೇಡವಾದೆನಾ...?' ಅದನ್ನೇ ಅಕ್ಕನ ಹತ್ತಿರ ಹೇಳಿಕೊಂಡಿದ್ದಳು.

"ಕೂಗಾಡಬೇಡ ಕಣೇ," ಎಂದಿದ್ದಳು ಅಕ್ಕ. "ಕೂರಿಸಿಕೊಂಡು ಸಮಾಧಾನವಾಗಿ ಹೇಳು."

ಸಮಾಧಾನ ತಾನೇ? ಅದು ಅವಳ ಹೊಟ್ಟೆಪಾಡು! ಮಧ್ಯಾಹ್ನ ಗಂಡನಿಗೆ ಫೋನ್ ಮಾಡಿದಳು. ಅಳು ನುಂಗಿ, ಮೆತ್ತಗೆ ಹೇಳಿದಳು.

"ಡ್ಯೂಟಿ ಮುಗಿದ ತಕ್ಷಣ ಮನೆಗೆ ಬನ್ನಿ. ಒಂದು ವಿಷಯ ಹೇಳಬೇಕು. ಗಾಬರಿಯಾಗಬೇಡಿ."

ತಕ್ಷಣ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್!

ಸ್ವಲ್ಪ ಹೊತ್ತಿಗೆಲ್ಲ ಅವನ ಬೈಕು ಮನೆ ಮುಂದೆ ನಿಂತಿತು. ಡ್ಯೂಟಿ ಅರ್ಧಕ್ಕೇ ಬಿಟ್ಟು ಬಂದಿದ್ದ. ಆದರೆ ಇಳಿಯಲಿಲ್ಲ. ಕಿಟಕಿಯಿಂದ ನೋಡಿದಳು. ಹೆಲ್ಮೆಟ್ಟೂ ತೆಗೆಯದೆ, ಬಾಗಿಲನ್ನೇ ದಿಟ್ಟಿಸುತ್ತಾ ಕೂತಿದ್ದ. ಒಳಗೆ ಬರೋಕೂ ಮನಸ್ಸಿಲ್ಲ ಇವರಿಗೆ!

'ಮುಗೀತು. ಬಿಟ್ಟು ಹೋಗ್ತೀನಿ ಅಂತ ಹೇಳೋಕೇ ಬಂದಿದಾರೆ...'

ಕೊನೆಗೂ ಬಂದ. ಶೂ ಬಿಚ್ಚಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದ.

"ಯಾರು?"

"ಯಾರು ಅಂದ್ರೆ...?"

"ಅಮ್ಮನಾ? ತಮ್ಮನಾ? ಯಾರು ಹೋದ್ರು ಹೇಳಿಬಿಡೇ!"

"ಅಯ್ಯೋ, ಯಾರಿಗೂ ಏನೂ ಆಗಿಲ್ಲ ರೀ!"

"ಮತ್ತೆ ಆ ಧ್ವನಿ? ಸಾವಿನ ಸುದ್ದಿಗೆ ಇಟ್ಟಿರೋ ಧ್ವನಿನಲ್ಲಿ ನನ್ನ ಕರೆದ್ಯಲ್ಲೇ... ಕೇಳೋ ಧೈರ್ಯ ಇಲ್ದೆ ಫೋನೇ ಆಫ್ ಮಾಡಿಬಿಟ್ಟೆ." ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ.

ಅವಳೂ ಎದುರಿಗೆ ಕೂತಳು. ಈ ಸಲ ಅಳು ನುಂಗಲಿಲ್ಲ, ಹಾಗಂತ ಕೂಗಲೂ ಇಲ್ಲ. ಧ್ವನಿ ನಡುಗುತ್ತಿತ್ತು.

"ನಂಗೆ ಕೋಪ ಬಂದಿದೆ. ನೀವು ಮಾತಾಡ್ದೆ ಇದ್ರೆ ನೋವಾಗುತ್ತೆ. ನಾನು ಬೇಡವಾಗಿದೀನಿ ಅಂತ ಭಯ ಆಗುತ್ತೆ. ಇದನ್ನೇ ಹೇಳ್ಬೇಕಿತ್ತು."

ಅವನು ತಲೆ ತಗ್ಗಿಸಿ ಶೂ ಲೇಸು ಬಿಚ್ಚತೊಡಗಿದ.

"ಹೋದ ತಿಂಗಳು ಒಬ್ಬ ಅಜ್ಜಿ... ಟ್ರಾಫಿಕ್ಕಿನಲ್ಲಿ, ನನ್ನ ಗಾಡಿಯಲ್ಲೇ ಹೋಗಿಬಿಟ್ರು. ಬೇಗ ಹೋಗಪ್ಪಾ ಅಂತಾನೇ ಇದ್ರು. ಬಾಯಿ ಬಿಟ್ರೆ ಎಲ್ಲಿ ಅತ್ತುಬಿಡ್ತೀನೋ ಅಂತ ಸುಮ್ಮನಿದ್ದೆ. ನೀನು ಬೇಡ ಅಂತ ಯಾವತ್ತೂ ಅನ್ಕೊಂಡಿಲ್ಲ ಕಣೇ. ನೀನಿಲ್ಲದ ಮನೆಗೆ ಬರೋಕೆ ನಂಗೆ ಕಾಲೇ ಬರಲ್ಲ."

ಅವಳು ಅವನ ಕೈ ಹಿಡಿದುಕೊಂಡಳು. ಅವನು ಅತ್ತ. ಸಾಕೆನಿಸುವಷ್ಟು ಅತ್ತ.

"ಕೋಪ ಹೋಯ್ತಾ?" ಎಂದ, ಮೂಗು ಒರೆಸಿಕೊಳ್ಳುತ್ತಾ.

"ಇಲ್ಲ. ಇನ್ನೂ ಇದೆ."

"ಇರಲಿ. ಹೋಗೋವರೆಗೂ ಇಲ್ಲೇ ಕೂತಿರ್ತೀನಿ."

"ಹೋದ ಮೇಲೆ?"

"ಆಗ್ಲೂ ಇಲ್ಲೇ."