ಶಿಯಾಮೆನ್‌ನಿಂದ ಬಂದ ಮಹಾನುಭಾವ

ಚೈನಾದಲ್ಲಿ ಆರು ತಿಂಗಳು ಇದ್ದು ಬಂದ ಮನುಷ್ಯ ಒಂದು ಫ್ಲಾಸ್ಕಿನ ಫೋಟೋ ತೆಗೆದುಕೊಂಡು ಬಂದಿದ್ದ. ಒಂದಲ್ಲ, ಬೇರೆ ಬೇರೆ ಮಗ್ಗುಲಿನಿಂದ ತೆಗೆದ ನಾಲ್ಕೈದು. ವಸುಧಾಗೆ ನಗಬೇಕೋ ಎದ್ದು ಹೋಗಬೇಕೋ ತಿಳಿಯಲಿಲ್ಲ.

೧೯೮೬ರ ಒಂದು ಭಾನುವಾರದ ಮಧ್ಯಾಹ್ನ. ಕ್ಯಾಲಿಫೋರ್ನಿಯಾದ ಹೇವರ್ಡಿನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಭಾವ ಶೇಷಾದ್ರಿ ಕಿಟಕಿಯ ಪರದೆ ಎಳೆದು, ಗೋಡೆಗೆ ಬಿಳಿ ಬೆಡ್‌ಶೀಟು ಅಂಟಿಸಿ ಪ್ರೊಜೆಕ್ಟರು ಇಟ್ಟಿದ್ದರು. ಬೆಂಗಳೂರು, ಮೈಸೂರು ಕಡೆಯ ನಾಲ್ಕಾರು ಸಂಸಾರಗಳು ಚಿತ್ರಾನ್ನದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವು.

ಇಷ್ಟೆಲ್ಲ ನಡೆದದ್ದು ವಸುಧಾಳಿಗಾಗಿ. ಅವಳು ಓದು ಮುಗಿಸಿ ಸೇರಿದ್ದ ಕಂಪನಿ, ಹಣ್ಣು ಡಬ್ಬಿಗೆ ತುಂಬುವ ಯಂತ್ರಗಳನ್ನು ಮಾಡುತ್ತಿತ್ತು. ವರ್ಷಕ್ಕೊಬ್ಬ ಇಂಟರ್ನನ್ನು ಚೈನಾದ ಕಡಲತೀರದ ಊರು ಶಿಯಾಮೆನ್‌ಗೆ ಕಳಿಸುತ್ತಿತ್ತು. ಕಳೆದ ಸಲ ಹೋದವನು ಈ ಗುರುಪ್ರಸಾದ. ಈ ಸಲ ಅವಳ ಸರದಿ. ಅಕ್ಕ ಪದ್ಮಜಾ ಸೈ ಅಂದಿದ್ದಳು. ಭಾವ ಮಾತ್ರ, "ಇದ್ದು ಬಂದವರನ್ನ ಕೇಳೋಣ, ಆಮೇಲೆ ನೋಡೋಣ" ಅಂದಿದ್ದರು. ಮೈಸೂರಿನಲ್ಲಿದ್ದ ಅಪ್ಪ ಭಾವನ ಮಾತು ಮೀರುವವರಲ್ಲ. ಅಂದರೆ ಅವಳ ಶಿಯಾಮೆನ್ನು ಈ ಫ್ಲಾಸ್ಕಿನ ಮಹಾನುಭಾವನ ನಾಲಿಗೆಯ ಮೇಲೆ ನಿಂತಿತ್ತು.

"ರೂಮಿಗೊಂದು ಫ್ಲಾಸ್ಕು ಕೊಡ್ತಾರೆ," ಎಂದ ಗುರುಪ್ರಸಾದ. "ಬೆಳಗ್ಗೆ ಬಾಯ್ಲರ್ ಹತ್ರ ಕ್ಯೂ ನಿಂತು ಬಿಸಿನೀರು ತುಂಬಿಸ್ಕೋಬೇಕು. ನಾನಿದಕ್ಕೆ ಶೇಷಗಿರಿ ಅಂತ ಹೆಸರಿಟ್ಟಿದ್ದೆ."

"ಯಾಕ್ರೀ?" ಎಂದರು ಯಾರೋ.

"ಊರಲ್ಲಿ ಓದುವಾಗ ನನ್ನ ಹಾಸ್ಟೆಲ್ ರೂಮ್‌ಮೇಟಿನ ಹೆಸರು ಅದು. ಅವನೂ ಹೀಗೇ ಗುಂಡಗಿದ್ದ. ಕನ್ನಡ ಮಾತಾಡೋಕೆ ಅಲ್ಲಿ ಇನ್ಯಾರೂ ಇರಲಿಲ್ವಲ್ಲ."

ಜನ ಗೊಳ್ಳೆಂದು ನಕ್ಕರು. ವಸುಧಾ ಮೂಗು ಮುರಿದಳು. ಫ್ಲಾಸ್ಕಿನ ಜೊತೆ ಕನ್ನಡ ಮಾತಾಡುವುದಕ್ಕೆ ಕಂಪನಿ ವಿಮಾನದ ಟಿಕೆಟ್ಟು ಕೊಟ್ಟಿತ್ತೇ?

"ಹಾವು ತಿಂತಾರಂತೆ, ಹೌದಾ?" ಎಂದರು ವೇದವತಿ ಆಂಟಿ. ಬೆರ್ರಿಯೆಸಾದ ತಮ್ಮ ಮನೆ, ಇಂಡಿಯನ್ ಗ್ರೋಸರಿ ಬಿಟ್ಟರೆ ಅಮೆರಿಕವನ್ನೇ ನೋಡದವರಿಗೆ ಚೈನಾದ ಹಾವಿನ ಚಿಂತೆ.

"ನಾನು ತಿಂದದ್ದು ಅನ್ನ, ಕಡಲೇಕಾಯಿ, ಬೇಯಿಸಿದ ಸೊಪ್ಪು. ಹೊರದೇಶದವರಿಗೆ ಅಂತ ಬೇರೆ ಬಿಲ್ಡಿಂಗು. ನೋಡೋಕೆ ಯಾರು ಬಂದ್ರೂ ಗೇಟಿನವನು ಹೆಸರು ಬರ್ಕೊಳ್ತಿದ್ದ. ಅದಕ್ಕೇ ಯಾರೂ ಬರ್ತಿರಲಿಲ್ಲ."

ಅಕ್ಕ ಕಣ್ಸನ್ನೆ ಮಾಡಿದಳೆಂದು ವಸುಧಾ ಕಾಫಿ ಬಗ್ಗಿಸಲು ಎದ್ದಳು. ಅವನ ಲೋಟಕ್ಕೆ ಹಾಕುವಾಗ ಆ ಮನುಷ್ಯ ತಲೆಯನ್ನೂ ಎತ್ತಲಿಲ್ಲ. ಮಾತಾಡುತ್ತಲೇ ಎರಡು ಬೆರಳಿನಿಂದ ಟೀಪಾಯಿಯ ಮೇಲೆ ಟಕ್ ಟಕ್ ಎಂದು ಬಡಿದ. ಹೋಟೆಲಿನಲ್ಲಿ ಮಾಣಿಯನ್ನು ಕರೆಯುವ ಹಾಗೆ! ಎರಡನೆಯ ಸಲ ಹಾಕಿದಾಗಲೂ ಅದೇ ಟಕ್ ಟಕ್. ಬೆರಳುಗಳೇನೋ ಉದ್ದವಾಗಿ, ನೋಡುವ ಹಾಗಿದ್ದವು. ಅದನ್ನು ತಾನು ಗಮನಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮೂರನೆಯ ಸಲ ಎಲ್ಲರಿಗೂ ಹಾಕಿ, ಅವನೊಬ್ಬನನ್ನು ಬಿಟ್ಟು ಒಳಗೆ ಹೋದಳು.

ಹಾಲಿನಿಂದ ಭಾವನ ದನಿ ಕೇಳಿಸಿತು. "ಹುಡುಗಿ ಒಬ್ಬಳೇ ಇರಬಹುದೇನ್ರೀ ಅಲ್ಲಿ?"

ಗುರುಪ್ರಸಾದ ಹೇಳಿದ. "ಕಷ್ಟ."

ಭಾವನಿಗೆ ಅಷ್ಟು ಸಾಕಾಯಿತು. ಶಿಯಾಮೆನ್ನಿನ ಮಾತು ಮನೆಯಲ್ಲಿ ನಿಂತುಹೋಯಿತು.

ಆ ವಾರವಿಡೀ ಆಫೀಸಿನಲ್ಲಿ ಅವನು ಎದುರು ಬಂದರೆ ವಸುಧಾ ಗೋಡೆ ನೋಡಿಕೊಂಡು ಹೋದಳು. ಅವನು "ಹಲೋ" ಎಂದರೆ ಗೋಡೆಗೇ ಹೇಳಿದನೆಂದು ಬಿಟ್ಟುಬಿಟ್ಟಳು.

ಶನಿವಾರ ಬದನೆಕಾಯಿ, ಹಾಗಲಕಾಯಿ ತರಲು ಭಾವ ಅವಳನ್ನು ಓಕ್‌ಲ್ಯಾಂಡಿನ ಚೈನಾಟೌನಿಗೆ ಕರೆದುಕೊಂಡು ಹೋದರು. ತರಕಾರಿ ಅಂಗಡಿಯ ಪಕ್ಕದ ಟೀ ಅಂಗಡಿಯಲ್ಲಿ, ಗಾಜಿನಾಚೆ, ಮುದುಕರೊಬ್ಬರ ಎದುರು ಗುರುಪ್ರಸಾದ ಕೂತಿದ್ದ. ಮುದುಕರು ಅವನ ಬಟ್ಟಲಿಗೆ ಟೀ ಬಗ್ಗಿಸಿದರು. ಅವನು ಎರಡು ಬೆರಳಿಂದ ಟಕ್ ಟಕ್. ಇದೇನು ಸೊಕ್ಕು, ಹಿರಿಯರಿಗೂ ಹೀಗೇ! ಆಮೇಲೆ ಅವನೇ ಎದ್ದು ಮುದುಕರಿಗೆ ಬಗ್ಗಿಸಿದ. ಅವರೂ ಮಾತು ನಿಲ್ಲಿಸದೆ ಟಕ್ ಟಕ್ ಎಂದರು. ಪಕ್ಕದ ಟೇಬಲ್ಲಿನ ಹೆಂಗಸೂ ತನಗೆ ಟೀ ಬಂದಾಗ ಹಾಗೇ ಬಡಿದಳು.

ವಸುಧಾ ಸೀದಾ ಒಳಗೆ ಹೋದಳು.

"ಏನ್ರೀ ಅದು ಬೆರಳಲ್ಲಿ ಬಡಿಯೋದು?"

ಗುರುಪ್ರಸಾದ ಗಾಬರಿಯಾಗಿ ಎದ್ದ. "ಥ್ಯಾಂಕ್ಸ್ ಅಂತ ರೀ. ಮಾತಿನ ಮಧ್ಯೆ ಯಾರಾದ್ರೂ ಟೀ ಹಾಕಿದ್ರೆ ಹಿಂಗೆ ಹೇಳೋದು. ಶಿಯಾಮೆನ್‌ನಲ್ಲಿ ತಪ್ಪಿಲ್ಲದೆ ನನಗೆ ಬರ್ತಿದ್ದದ್ದು ಅದೊಂದೇ. ಈಗ ಎಲ್ಲಿದ್ರೂ ಕೈ ತಾನೇ ಬಡಿಯುತ್ತೆ." ಅವನ ಮುಖ ನಿಧಾನವಾಗಿ ಕೆಂಪಾಯಿತು. "ಅಯ್ಯೋ, ನಿಮ್ಮ ಮನೇಲೂ ಬಡಿದ್ನಾ?"

"ಎರಡು ಸಲ! ನಾನೇನು ಹೋಟೆಲ್ ಮಾಣೀನಾ?"

"ಅದಕ್ಕೇ ಮೂರನೇ ಕಾಫಿ ಬರಲಿಲ್ಲ," ಎಂದು ಅವನು ನಕ್ಕ. ಪೆಚ್ಚು ನಗೆ, ಆದರೆ ಕಣ್ಣು ಅವಳನ್ನು ಬಿಟ್ಟು ಕದಲಲಿಲ್ಲ. ವಸುಧಾಗೆ ಕಿವಿ ಬಿಸಿಯಾಯಿತು.

"ಕಾಫಿ ಹೋಗಲಿ. ನನ್ನ ಶಿಯಾಮೆನ್ನು ತಪ್ಪಿಸಿಬಿಟ್ರಲ್ಲ!"

"ಕಷ್ಟ ಅಂದೆ ರೀ, ಬೇಡ ಅನ್ನಲಿಲ್ಲ. ಸುಳ್ಳು ಹೇಗೆ ಹೇಳಲಿ?" ದನಿ ತಗ್ಗಿತು. "ನಿಜ ಹೇಳಲಾ? ನೀವು ಹೋಗದೇ ಇದ್ರೇ ನನಗೆ ಚೆನ್ನ. ಇಡೀ ವಾರ ನೀವು ನೋಡ್ತಿದ್ರಲ್ಲ, ಆ ಗೋಡೆ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು."

ಇಂಥ ಮಾತನ್ನು ಇಂಥ ಜಾಗದಲ್ಲಿ ಹೇಳುವ ಶತದಡ್ಡನನ್ನು ಅವಳು ಕಂಡಿರಲಿಲ್ಲ. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಬದನೆಕಾಯಿ ಚೀಲ ಹಿಡಿದು ಭಾವ ಒಳಗೆ ಬಂದರು.

ಗುರುಪ್ರಸಾದ ಅವಳನ್ನೊಮ್ಮೆ ನೋಡಿದ. "ಸಾರ್, ಇವರನ್ನ ಕಳಿಸಿ."

"ಅವತ್ತು ಕಷ್ಟ ಅಂದ್ರಲ್ರೀ?"

"ನನ್ನಂಥವನಿಗೆ ಕಷ್ಟ ಸಾರ್. ನಾನು ತಪ್ಪು ಮಾತಾಡ್ತೀನೇನೋ ಅಂತ ಹೆದರಿ ರೂಮಲ್ಲೇ ಕೂತಿದ್ದೆ. ಇವರು ಗೊತ್ತಿಲ್ಲದ್ದನ್ನ ಮುಖಕ್ಕೆ ಹೊಡೆದ ಹಾಗೆ ಕೇಳ್ತಾರೆ. ಆ ಗೇಟಿನವನನ್ನೂ ಬಿಡಲ್ಲ."

ತನಗೇ ಬೇಡವಾದದ್ದನ್ನು ಅವಳಿಗಾಗಿ ಕೇಳುತ್ತಿದ್ದ ಆ ಮನುಷ್ಯನ ಮೇಲೆ ವಸುಧಾಗೆ ಪ್ರೀತಿ ಬಂತು. ಬಂದ ರೀತಿಗೆ ಅವಳಿಗೇ ರೇಗಿತು.

ಭಾವ ಮನೆ ತಲುಪುವ ತನಕ ಯೋಚಿಸಿ, ಹೂಂ ಅಂದರು.

ಹೊರಡುವ ದಿನ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿಗೆ ಅವನೂ ಬಂದ, ಕೈಯಲ್ಲಿ ಕಾಫಿಯ ಫ್ಲಾಸ್ಕು. ಅಕ್ಕ ಭಾವ ಸೂಟ್‌ಕೇಸಿನ ಸಾಲಿನಲ್ಲಿದ್ದರು, ಇವರಿಬ್ಬರೂ ಒಂದು ಟೇಬಲ್ಲಿಗೆ ಕೂತರು.

"ಶೇಷಗಿರಿ ಅಲ್ಲೇ ಇರ್ತಾನೆ," ಎಂದ. "ಬೇಜಾರಾದ್ರೆ ಮಾತಾಡಿಸಿ."

"ಫ್ಲಾಸ್ಕಿನ ಜೊತೆ ಮಾತಾಡೋಕೆ ನಾನೇನು ನಿಮ್ಮಷ್ಟು ಪೆದ್ದಾ? ಬೇಜಾರಾದ್ರೆ ನಿಮಗೇ ಫೋನ್ ಮಾಡ್ತೀನಿ, ಫೋನಿನ ಪಕ್ಕದಲ್ಲೇ ಇರಿ. ಬಂದ ಮೇಲೆ ನಮ್ಮಿಬ್ಬರ ವಿಷಯ ಭಾವನ ಹತ್ರ ಮಾತಾಡೋದು ಮಾತ್ರ ನೀವು. ಕಷ್ಟ ಅನ್ನೋ ಹಾಗಿಲ್ಲ."

ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಲೋಟಕ್ಕೆ ಕಾಫಿ ಬಗ್ಗಿಸಿದ. ವಸುಧಾ ಎರಡು ಬೆರಳಿನಿಂದ ಟೇಬಲ್ಲಿನ ಮೇಲೆ ಟಕ್ ಟಕ್ ಎಂದು ಬಡಿದಳು.

"ಇಷ್ಟಕ್ಕೆಲ್ಲ ಥ್ಯಾಂಕ್ಸ್ ಯಾಕ್ರೀ?" ಎಂದ.

"ಥ್ಯಾಂಕ್ಸೂ ಇಲ್ಲ, ಏನೂ ಇಲ್ಲ. ನಮ್ಮ ಕಡೆ ಹೀಗೆ ಬಡಿದರೆ ಇನ್ನಷ್ಟು ಹಾಕಿ ಅಂತ."

ಅವಳ ಮುಖವನ್ನೇ ನೋಡುತ್ತ ಅವನು ಬಗ್ಗಿಸುತ್ತಲೇ ಹೋದ. ಲೋಟ ತುಂಬಿ, ಕಾಫಿ ಟೇಬಲ್ಲಿನ ಮೇಲೆ ಹರಿಯಿತು. ಇಬ್ಬರೂ ಒರೆಸಲಿಲ್ಲ.