ಗೋಡೆಯಾಚೆಗೆ ಎಳೆದ ಬಾಣ

ದೆವ್ವ ಗಿವ್ವ ನಂಬುವವನಲ್ಲ ನಾನು. ಆಸ್ಪತ್ರೆಗಳಲ್ಲಿ ರೋಗಿಗಳು ಹೇಗೆ ಓಡಾಡುತ್ತಾರೆಂದು ಕಂಪ್ಯೂಟರಿನಲ್ಲಿ ನಡೆಸಿ ತೋರಿಸುವುದು ನನ್ನ ಕೆಲಸ. ಬಾಗಿಲಿಗೊಂದು ಚೌಕ, ಸಾಲಿಗೊಂದು, ಡಾಕ್ಟರಿಗೊಂದು, ನಡುವೆ ಬಾಣಗಳು. ಬಾಣವಿಲ್ಲದ ಕಡೆ ಯಾರೂ ಹೆಜ್ಜೆಯಿಡಲಾರರು.

ಈ ಸಲದ್ದು ನನ್ನಕ್ಕ ನರ್ಸಾಗಿರುವ ಆಸ್ಪತ್ರೆ. ಅದರ ನಕ್ಷೆಯನ್ನು ನಡೆಸಿದಾಗಲೆಲ್ಲ ಪರದೆಯ ಮೇಲೆ ಒಂದು ಪುಟ್ಟ ಮನುಷ್ಯಾಕೃತಿ ಅಕ್ಕನ ಕೌಂಟರಿನ ಹಿಂದೆ, ಗೋಡೆಯಾಚೆಯ ಖಾಲಿ ಜಾಗದಲ್ಲಿ ನಿಂತಿರುತ್ತಿತ್ತು. ಅಲ್ಲಿ ನಾನೇನೂ ಇಟ್ಟಿರಲಿಲ್ಲ. ಅಳಿಸಿದರೂ ಮತ್ತೆ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತಲೆ ಕೆಟ್ಟುಹೋಯಿತು. ದಾರಿಯಿಲ್ಲದೆ ಸಿಕ್ಕಿಕೊಂಡವರಿಗೆ ನಾವು ಯಾವಾಗಲೂ ಮಾಡುವಂತೆ, ಅಲ್ಲೊಂದು ಬಾಗಿಲು ಸೇರಿಸಿ ಕೌಂಟರಿಗೆ ಬಾಣ ಎಳೆದೆ. ಆಕೃತಿ ಒಳಗೆ ನಡೆಯಿತು. ಫ್ಯಾನ್ ಕೂಡ ಹಾಕಿರಲಿಲ್ಲ, ಆದರೂ ಮೌಸ್ ಹಿಡಿದ ಕೈ ಕೊರೆಯತೊಡಗಿತು.

ಸಂಜೆ ಅಕ್ಕನಿಗೆ ಫೋನ್ ಮಾಡಿ, "ನಿನ್ನ ಕೌಂಟರ್ ಹಿಂದೆ ಏನಿದೆಯೇ?" ಎಂದೆ.

"ಗೋಡೆ ಕಣೋ, ಇನ್ನೇನಿರುತ್ತೆ? ಒಳಗಿಂದ ಯಾವಾಗ್ಲೂ ಟಕ್ ಟಕ್ ಅಂತಿತ್ತು. ಪೈಪ್ ಇರ್ಬೇಕು ಅಂದ್ಕೊಂಡಿದ್ವಿ. ಇವತ್ತು ಮಧ್ಯಾಹ್ನದಿಂದ ನಿಂತೋಗಿದೆ. ಪೀಡೆ ತೊಲಗ್ತು ಬಿಡು."

ಫೋನ್ ಇಟ್ಟವನೇ ಬಾಣ ಅಳಿಸಿದೆ, ಬಾಗಿಲನ್ನೂ ಅಳಿಸಿದೆ. ಆಕೃತಿ ಕೌಂಟರ್ ಬಿಟ್ಟು ಕದಲಲಿಲ್ಲ.

ಇದು ನಡೆದದ್ದು ನಿನ್ನೆ. ಅಕ್ಕನಿಗೆ ಇವತ್ತೂ ಅಲ್ಲೇ ಡ್ಯೂಟಿ.