‘ಸೋಮವಾರ’ದ ಶಿಲ್ಪಿ

ಹತ್ತೊಂಬತ್ತು ವರ್ಷ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಓಡಾಡಿದ ಮನುಷ್ಯನಿಗೆ ಒಂದಲ್ಲ ಒಂದು ದಿನ ಆ ತಟ್ಟೆಯನ್ನು ಯಾರದಾದರೂ ತಲೆಯ ಮೇಲೆ ಕುಕ್ಕಬೇಕೆನಿಸುವುದು ಸಹಜ. ಕ್ಲೈವ್ ಪೆಂಗೆಲಿ ಹಾಗೆ ಮಾಡಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕಾಗದದ ಕರವಸ್ತ್ರಗಳನ್ನು ಅಂಚಿಗೆ ಅಂಚು ಸೇರಿಸಿ ಜೋಡಿಸಿ, ತನ್ನ ಜಾಗಕ್ಕೆ ಹೋಗಿ ಕೂತ. ಅಪರಾಧ ಶುರುವಾದದ್ದು ಅಲ್ಲಿಂದ.

ಅವನು ಪೋರ್ಟ್ ಎಲ್ವಿನ್ ನಗರಸಭೆಯಲ್ಲಿ ಸಾರ್ವಜನಿಕ ಕಲೆಯ ಅಧಿಕಾರಿ. ಮೆಲ್ಬರ್ನ್‌ನಿಂದ ರೈಲಿನಲ್ಲಿ ಒಂದೂವರೆ ಗಂಟೆ ದೂರದ ಆ ಬಂದರು ಊರಿನಲ್ಲಿ ಯಾರು ದೊಡ್ಡ ಕಟ್ಟಡ ಎಬ್ಬಿಸಿದರೂ ಖರ್ಚಿನ ನೂರಕ್ಕೊಂದು ಪಾಲನ್ನು ಬೀದಿಯಲ್ಲಿ ನಿಲ್ಲಿಸುವ ಕಲೆಗೆ ತೆಗೆದಿಡಬೇಕು. ಯಾರಿಂದ ಏನು ಮಾಡಿಸಬೇಕೆಂದು ಐದು ಜನರ ಸಮಿತಿ ತೀರ್ಮಾನಿಸುತ್ತದೆ. ಅರ್ಜಿ ಕರೆಯುವುದು, ಕಡತ ಇಡುವುದು, ಸಮಿತಿಯ ಹೊಟ್ಟೆ ನೋಡಿಕೊಳ್ಳುವುದು ಕ್ಲೈವನ ಪಾಲಿಗೆ. ಹೀಗೆ ಊರಿಗೆ ಬಂದ ಕಲಾಕೃತಿಗಳು ನಲವತ್ತು. ಅವುಗಳಲ್ಲಿ ತುಕ್ಕು ಹಿಡಿದ ಕಬ್ಬಿಣದ ಹಾಳೆಗಳೇ ಹದಿನಾಲ್ಕು. ಗ್ರಂಥಾಲಯದ ಮುಂದಿನ ಸ್ಟೀಲ್ ಪೆಲಿಕನ್ ಹಕ್ಕಿಯ ಕೊಕ್ಕಿಗೆ ಜನ ಕುಡಿದ ಕಾಫಿಯ ಲೋಟ ಎಸೆಯುತ್ತಾರೆ. ಅದಕ್ಕೂ ಪ್ರಶಸ್ತಿ ಬಂದಿದೆ.

ಆ ದಿನ ಸಮಿತಿಯ ಮುಂದೆ ಯಾರೋ ಶಿಲ್ಪಿ ಕಳಿಸಿದ ಕೈಯೊಂದರ ಚಿತ್ರ ಇತ್ತು. ಕ್ಲೈವ್ ಸ್ಯಾಂಡ್‌ವಿಚ್ ಇಡುತ್ತ, ಕೇಳದಿದ್ದರೂ, “ಹೆಬ್ಬೆರಳು ಬೇರೆ ಕಡೆಯಿಂದ ಹುಟ್ಬೇಕು” ಅಂದ.

ಸಮಿತಿಯ ಅಧ್ಯಕ್ಷ, ವಾಸ್ತುಶಿಲ್ಪಿ ಪಿಯರ್ಸ್ ಆಲ್ಡರ್ಟನ್, ಕನ್ನಡಕದ ಮೇಲಿಂದ ನೋಡಿದ. “ಬೇಜಾರು ಮಾಡ್ಕೋಬೇಡ ಮಾರಾಯ. ಇದೆಲ್ಲ ಕೈಯಾರೆ ಮಾಡಿದೋರಿಗೆ ಮಾತ್ರ ಗೊತ್ತಾಗೋ ವಿಷ್ಯ. ಮೊಟ್ಟೆದು ಇನ್ನೊಂದು ಇದ್ಯಾ?”

ಮೊಟ್ಟೆಯದು ಇತ್ತು. ಕ್ಲೈವ್ ಕೊಟ್ಟ.

ಕೈಯಾರೆ ಮಾಡಿದವನೇ ಅವನು. ಕಲಾಶಾಲೆಯಲ್ಲಿ ಐದು ವರ್ಷ ಕಲಿತು, ಇದೇ ನಗರಸಭೆಗೆ ಮೂರು ಸಲ ಅರ್ಜಿ ಹಾಕಿ, ಮೂರು ಸಲ ‘ವಿಷಾದಿಸುತ್ತೇವೆ’ ಅನ್ನಿಸಿಕೊಂಡು, ಕೊನೆಗೆ ಹೊಟ್ಟೆಪಾಡಿಗೆ ಅಲ್ಲೇ ನೌಕರಿಗೆ ಸೇರಿದ. ನೌಕರನಾದ ಮೇಲೆ ಅರ್ಜಿ ಹಾಕುವಂತಿಲ್ಲ. ಆ ನಿಯಮವನ್ನು ಚೊಕ್ಕವಾಗಿ ತಿದ್ದಿ ಬರೆದವನೂ ಅವನೇ. ಸುಳ್ಳು ಹೇಳಿ ನಿಲ್ಲಿಸಿದ ಕಲಾಕೃತಿಯೆಂದು ಗೊತ್ತಾದರೆ ತೊಂಬತ್ತು ದಿನದೊಳಗೆ ಕಿತ್ತು ಕರಗಿಸಬೇಕು ಎಂಬ ಸಾಲು ಸೇರಿಸಿದವನೂ ಅವನೇ. ಆಗ ಅದು ಅವನಿಗೆ ಬಹಳ ನ್ಯಾಯವಾಗಿ ಕಂಡಿತ್ತು.

ಮನೆಯ ಕಾರ್ ಶೆಡ್ಡಿನಲ್ಲಿ, ಹಳೇ ಬಣ್ಣದ ಡಬ್ಬಗಳ ಹಿಂದೆ, ಜೇಡಿಮಣ್ಣಿನ ಒಂದು ಜೊತೆ ಕೈಗಳಿದ್ದವು. ಹಸಿ ಹೊದಿಕೆ ಹಿಂಡುತ್ತಿರುವ ಕೈಗಳು, ಅವನ ಅಮ್ಮನವು. ಆಕೆ ಬಂದರಿನ ಹೋಟೆಲೊಂದರಲ್ಲಿ ಪ್ರತಿ ಸೋಮವಾರ ಅರವತ್ತು ಹಾಸಿಗೆಗಳ ಬಟ್ಟೆ ಒಗೆಯುತ್ತಿದ್ದಳು. ಆಕೆ ಸತ್ತ ವರ್ಷ ಕ್ಲೈವ್ ಅವನ್ನು ಮಾಡಿದ, ಯಾರಿಗೂ ತೋರಿಸಲಿಲ್ಲ. ಈಗ ಅವನಿಗೆ ಐವತ್ತೆಂಟು. ಬೆಳಿಗ್ಗೆ ಎದ್ದರೆ ಬೆರಳ ಗೆಣ್ಣುಗಳು ಊದಿಕೊಂಡಿರುತ್ತಿದ್ದವು. ಇನ್ನೆರಡು ವರ್ಷ ಹೋದರೆ ಮಣ್ಣು ಮುಟ್ಟುವ ಹಾಗೇ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆ ಕೈಗಳು ನಾಲ್ಕು ಮೀಟರ್ ಎತ್ತರವಾಗಿ, ಕಂಚಿನಲ್ಲಿ, ಕಡಲ ಮುಂದೆ ನಿಲ್ಲಬೇಕು. ಅವನಿಗೆ ಬೇಕಾದದ್ದು ಇಷ್ಟೇ, ಹೆಸರೂ ಬೇಡ, ಕಾಸೂ ಬೇಡ.

ಬೇಲಿಯೇ ಎದ್ದು ಹೊಲ ಮೇಯ್ದರೆ ಹಿಡಿಯುವವರು ಯಾರು? ಯಾವ ಕಡ್ಡಿ ಎಲ್ಲಿ ಸಡಿಲ ಎಂದು ಬೇಲಿಗೆ ಗೊತ್ತಿರುತ್ತದಲ್ಲ. ಕ್ಲೈವ್ ಮೊದಲು ಒಬ್ಬ ಶಿಲ್ಪಿಯನ್ನು ಹುಟ್ಟಿಸಿದ. ಹೆಸರು ಮಾರಿಟ್ ಸಾರೆ, ಅರವತ್ತೊಂದು ವರ್ಷ, ಎಸ್ಟೋನಿಯಾದಿಂದ ಚಿಕ್ಕಂದಿನಲ್ಲೇ ಬಂದವಳು. ವಾಸ ಬಾಸ್ ಜಲಸಂಧಿಯ ಒಂದು ಪುಟ್ಟ ದ್ವೀಪ, ಫೋನ್ ಸಿಕ್ಕಿದರೆ ಸಿಕ್ಕಿತು ಇಲ್ಲದಿದ್ದರೆ ಇಲ್ಲ. ರಜೆಯಲ್ಲಿ ಆ ದ್ವೀಪಕ್ಕೆ ಹೋಗಿ ಅಲ್ಲಿನ ಅಂಚೆ ಕಚೇರಿಯಲ್ಲಿ, ಗುರುತಿನ ಚೀಟಿ ಕೇಳಿದ್ದರಿಂದ ತನ್ನ ಹೆಸರಿಗೇ, ಒಂದು ಅಂಚೆಪೆಟ್ಟಿಗೆ ಬಾಡಿಗೆಗೆ ಹಿಡಿದ, ಮಾರಿಟ್‌ಗೆ ಬರುವ ಕಾಗದವನ್ನೂ ಅದಕ್ಕೇ ಹಾಕಿ ಎಂದು ಬರೆದುಕೊಟ್ಟ, ಬಂದದ್ದೆಲ್ಲ ತನ್ನ ಮನೆಗೆ ಬರುವ, ತಾನು ಕಳಿಸಿದ್ದು ಅಲ್ಲಿಯ ಮುದ್ರೆ ಬಿದ್ದು ಹೊರಡುವ ಏರ್ಪಾಟು ಮಾಡಿದ.

ಸುಳ್ಳಿನ ಅಷ್ಟೂ ಭಾರ ಆ ಒಂದು ಪೆಟ್ಟಿಗೆಯ ಮೇಲಿದೆ ಎಂದು ಅವನಿಗೆ ಗೊತ್ತಿತ್ತು. ಯಾರಾದರೂ ದ್ವೀಪಕ್ಕೆ ಹೋಗಿ ವಿಚಾರಿಸಿದರೆ ಕತೆ ಮುಗಿಯಿತು. ಆದರೆ ಯಾರು ಹೋಗುತ್ತಾರೆ? ಅನುಮಾನ ಬಂದವನು ಮಾತ್ರ ಹೋಗುತ್ತಾನೆ. ಅನುಮಾನ ಬರುವುದು ಕಡತದಲ್ಲಿ ಒಂದು ಹಾಳೆ ಕಡಿಮೆಯಿದ್ದಾಗ, ಒಂದು ಸಹಿ ಬಿಟ್ಟುಹೋದಾಗ. ಹಾಗಾಗಿ ಮಾರಿಟ್ ಸಾರೆಯ ಕಡತದಲ್ಲಿ ಏನೂ ಬಿಟ್ಟುಹೋಗಕೂಡದು ಎಂದು ಅವನು ನಿಶ್ಚಯಿಸಿಕೊಂಡ.

ಕಡಲತೀರದ ಹೊಸ ಚೌಕಕ್ಕೆ ಅರ್ಜಿ ಕರೆದಾಗ ನೂರ ಹನ್ನೆರಡು ಬಂದವು. ಹೆಸರು ಮರೆಮಾಡಿ ಸಂಖ್ಯೆ ಮಾತ್ರ ತೋರಿಸುವುದು ಸಮಿತಿಯ ಪದ್ಧತಿ. ಕ್ಲೈವ್ ತನ್ನದನ್ನು ಇಪ್ಪತ್ತಮೂರನೆಯದಾಗಿ ಇಟ್ಟ. ಮೊದಲ ಹತ್ತರಲ್ಲಿ ಸಮಿತಿಗೆ ಉತ್ಸಾಹ ಜಾಸ್ತಿ, ತಪ್ಪು ಹುಡುಕುತ್ತದೆ. ಐವತ್ತು ದಾಟಿದರೆ ನಿದ್ದೆ. ಇಪ್ಪತ್ತಮೂರು ಬರುವ ಹೊತ್ತಿಗೆ ಚಹಾ ಬಂದಿರುತ್ತದೆ, ಎಲ್ಲರೂ ಒಳ್ಳೆಯವರಾಗಿರುತ್ತಾರೆ.

ಪಿಯರ್ಸ್ ಚಿತ್ರ ನೋಡಿದವನೇ ಬಿಸ್ಕತ್ತು ಕೆಳಗಿಟ್ಟ. “ನೋಡ್ರಪ್ಪ ಇಲ್ಲಿ! ಇದು ಕೈ ಅಂದ್ರೆ. ಹೆಬ್ಬೆರಳು ನೋಡಿ, ಎಲ್ಲಿಂದ ಹೊರಟಿದೆ ಅಂತ.”

“ಪಾರಿವಾಳಗಳು ಕೂತು ಗಲೀಜು ಮಾಡ್ತಾವೇನೋ. ತೊಳಿಯೋದು ಕಷ್ಟ ಆಗುತ್ತೆ,” ಅಂದ ಕ್ಲೈವ್. ಈ ಆಕ್ಷೇಪವನ್ನು ಅವನು ಹದಿನೈದು ದಿನ ಮೊದಲೇ ಆರಿಸಿಟ್ಟುಕೊಂಡಿದ್ದ.

“ಅಯ್ಯೋ, ನಿನ್ನ ಪಾರಿವಾಳಕ್ಕೆ ಬೆಂಕಿ ಹಾಕ! ಕಲೆ ಮುಂದೆ ನಿಂತ್ಕೊಂಡು ಹಿಕ್ಕೆ ಬಗ್ಗೆ ಮಾತಾಡ್ತೀಯಲ್ಲ!”

ಆಕ್ಷೇಪವನ್ನೂ ಬೈಗುಳವನ್ನೂ ನಡಾವಳಿಯಲ್ಲಿ ಬರೆದುಕೊಂಡ, ಬೈಗುಳವನ್ನು ಸ್ವಲ್ಪ ಮೆದುಮಾಡಿ. ಸಂದರ್ಶನಕ್ಕೆ ಮಾರಿಟ್ ಬರಲಿಲ್ಲ, ಎರಡು ಪುಟದ ಕಾಗದ ಕಳಿಸಿದಳು. ‘ನನಗೆ ಮಾತು ಬರುವುದಿಲ್ಲ, ಅದಕ್ಕೇ ಮಣ್ಣಿನಲ್ಲಿ ಕೈಗಳನ್ನು ರೂಪಿಸುತ್ತೇನೆ’ ಎಂದಿತ್ತು ಕಾಗದದಲ್ಲಿ. ಹಿಂದಿನ ದಿನ ಒಬ್ಬ ಶಿಲ್ಪಿಯ ಮಾತನ್ನು ಒಂದೂವರೆ ಗಂಟೆ ಕೇಳಿದ್ದ ಸಮಿತಿಗೆ ಇದು ಅಮೃತದಂತೆ ಕಂಡಿತು. ಐದಕ್ಕೆ ಐದೂ ಮತ. ತನ್ನ ಸಂಭಾವನೆಯನ್ನು ನೇರವಾಗಿ ಎರಕದ ಕಾರ್ಖಾನೆಗೇ ಕೊಟ್ಟು ಕೈಗಳನ್ನು ಇನ್ನಷ್ಟು ದೊಡ್ಡದು ಮಾಡಿಸಿ ಎಂದು ಆಕೆ ಬರೆದಾಗ ಮೇಯರಮ್ಮನ ಕಣ್ಣು ಒದ್ದೆಯಾಯಿತು.

ಕಾರ್ಖಾನೆಗೆ ಹೋಗಿ ಕೆಲಸ ನೋಡುವುದು ಅಧಿಕಾರಿಯ ಕರ್ತವ್ಯವೇ. ಕ್ಲೈವ್ ಹನ್ನೊಂದು ಸಲ ಹೋದ. ಮೇಣದ ಅಚ್ಚಿನಲ್ಲಿ ಎಡಗೈ ಹೆಬ್ಬೆರಳ ಉಗುರು ಸರಿಬಂದಿರಲಿಲ್ಲ. ಎರಕದವರು ಚಹಾದ ಬಿಡುವಿಗೆ ಹೊರಗೆ ಹೋದ ಹದಿನೈದು ನಿಮಿಷದಲ್ಲಿ ತಾನೇ ತಿದ್ದಿದ, ಬೆರಳಚ್ಚು ಉಳಿಯದಂತೆ ಬಟ್ಟೆಯಿಂದ ಒರೆಸಿದ. ಬದುಕಿನಲ್ಲಿ ಅಷ್ಟು ಸುಖದ ಹದಿನೈದು ನಿಮಿಷ ಅವನಿಗೆ ಬೇರೆ ನೆನಪಿಲ್ಲ.

ಕೃತಿಗೆ ಹೆಸರು ‘ಸೋಮವಾರ’. ಅನಾವರಣದ ದಿನ ಆ ನೆಲದ ಮೂಲನಿವಾಸಿಗಳ ಹಿರಿಯಾಕೆ ಎಲ್ಲರನ್ನೂ ಸ್ವಾಗತಿಸಿ, ತಮ್ಮ ಪದ್ಧತಿಯಂತೆ ಶುದ್ಧಿಗೆಂದು ಎಲೆಗಳ ಹೊಗೆ ಹಾಕಿದರು. ಮೇಯರಮ್ಮ ಶಿಲ್ಪಿಯ ಸಂಕೋಚವನ್ನು ಹೊಗಳಿದರು. ಆಮೇಲೆ ರೋಟರಿ ಕ್ಲಬ್ಬಿನವರು ಸಾಸೇಜು ಸುಟ್ಟು ಹಂಚಿದರು. ನಗರಸಭೆಯ ಸ್ವಾಗತ ಮೇಜಿನ ನೋಯೆಲೀನ್ ಬ್ರೆಡ್ಡಿನಲ್ಲಿ ಸಾಸೇಜು ಸುತ್ತಿಕೊಂಡು ಬಂದು ಅವನ ಪಕ್ಕ ನಿಂತಳು. ಅವನು ನೌಕರಿಗೆ ಸೇರಿದಾಗಿನಿಂದ ಅವನನ್ನು ಕಾಡಿಸುವ ಹಕ್ಕು ಆಕೆಯದು.

“ಏನಯ್ಯಾ ಕ್ಲೈವ್, ಈ ಸಲ ತುಕ್ಕು ಇಲ್ವಾ? ಹುಷಾರಿದೀಯ ತಾನೇ?”

“ಹುಷಾರಾಗೇ ಇದೀನಿ.”

ಆಕೆ ಮೇಲೆ ನೋಡಿದಳು. ತಿನ್ನುವುದನ್ನು ನಿಲ್ಲಿಸಿದಳು. “ನಮ್ಮಮ್ಮ ಹಿಂಗೇ ಹಿಂಡೋಳು ಕಣೋ. ಎಡಗೈ ಮೇಲಿಟ್ಕೊಂಡು. ಈ ಹೆಂಗಸು ಯಾರೋ ಏನೋ, ಅವರಮ್ಮನ್ನ ಬಹಳ ಹೊತ್ತು ನೋಡ್ತಾ ಕೂತಿದ್ದಾಳೆ.”

ಕ್ಲೈವ್ ಸಾಸಿನ ಬಾಟಲಿ ತರುವ ನೆಪದಲ್ಲಿ ಅಲ್ಲಿಂದ ಹೋದ. ಆ ಕ್ಷಣ ಯಾರಾದರೂ ಹೆಗಲ ಮೇಲೆ ಕೈಯಿಟ್ಟಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದ. ಯಾರೂ ಇಡಲಿಲ್ಲ, ಸಾಸಿಗೆ ಸಾಲು ಉದ್ದವಿತ್ತು.

ಒಂದು ತಿಂಗಳೊಳಗೆ ಊರು ಅದಕ್ಕೆ ‘ಕೋಳಿ ಕತ್ತು’ ಎಂದು ಅಡ್ಡಹೆಸರಿಟ್ಟಿತು. ಹೊದಿಕೆಯ ಬದಲು ಕೋಳಿಯನ್ನು ಹಿಸುಕಿದ ಹಾಗೆ ಕಾಣುತ್ತದಂತೆ. “ಆರು ಗಂಟೆಗೆ ಕೋಳಿ ಕತ್ತಿನ ಹತ್ರ ಸಿಗೋ” ಎಂದು ಕಾಲೇಜು ಹುಡುಗರು ಫೋನಿನಲ್ಲಿ ಹೇಳುವುದನ್ನು ಕೇಳಿದಾಗ ಕ್ಲೈವನಿಗೆ ಸಿಟ್ಟು ಬರಲಿಲ್ಲ. ಆ ನಲವತ್ತರಲ್ಲಿ ಜನ ಅಡ್ಡಹೆಸರು ಇಡುವಷ್ಟು ಹಚ್ಚಿಕೊಂಡದ್ದು ಒಂದೂ ಇರಲಿಲ್ಲ. ಮಧ್ಯಾಹ್ನದ ಬುತ್ತಿಯನ್ನು ಅವನು ಈಗ ಅದರ ನೆರಳಲ್ಲೇ ತಿನ್ನುತ್ತಿದ್ದ.

ಉಳಿದದ್ದು ಮಾರಿಟ್‌ಳನ್ನು ಮರ್ಯಾದೆಯಿಂದ ಕಳಿಸಿಕೊಡುವುದು. ಕಲೆ ಸಾಕು, ಇನ್ನು ಮೇಕೆ ಸಾಕುತ್ತೇನೆ ಎಂದು ಒಂದು ವರ್ಷದ ಮೇಲೆ ಆಕೆ ಬರೆಯುವುದೆಂದು ಗೊತ್ತುಮಾಡಿದ್ದ. ಅದಕ್ಕೂ ಮೊದಲು ಮುಕ್ತಾಯ ವರದಿ. ಕೆಲಸ ಮುಗಿದ ಆರು ತಿಂಗಳೊಳಗೆ ಕಲಾವಿದರು ಹನ್ನೆರಡು ಭಾಗದ ವರದಿ ಕೊಡಬೇಕೆಂಬುದು ಒಪ್ಪಂದ. ಎರಡು ವಾರಾಂತ್ಯ ಕೂತು ಬರೆದ. ಅರವತ್ತು ಫೋಟೋ, ಕಂಚಿಗೆ ಮೇಣ ಹಚ್ಚುವ ಕ್ರಮ, ಜನರ ಅಭಿಪ್ರಾಯ, ‘ನಾನು ಕಲಿತ ಪಾಠಗಳು’ ಎಂಬಲ್ಲಿ ಮೂರು ವಿನಯದ ಪ್ಯಾರಾ. ಕಡೆಯ ದಿನಕ್ಕೆ ನಾಲ್ಕು ದಿನ ಮೊದಲೇ ಅದು ದ್ವೀಪದ ಮುದ್ರೆಯೊಂದಿಗೆ ಬಂತು. ಅಧಿಕಾರಿ ಕ್ಲೈವ್ ಅದನ್ನು ಓದಿ, ಹನ್ನೆರಡಕ್ಕೆ ಹನ್ನೆರಡೂ ಇವೆಯೆಂದು ಗುರುತು ಹಾಕಿ, ಸ್ವೀಕೃತಿ ಮುದ್ರೆ ಒತ್ತಿದ. ಒಳ್ಳೆಯ ಕಲಾವಿದರು ಹೀಗಿರಬೇಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಮಾರ್ಚಿನಲ್ಲಿ ಲೆಕ್ಕ ಪರಿಶೋಧನೆಗೆ ಲಾನ್ ಫಾಮ್ ಎಂಬ ಹೆಣ್ಣುಮಗಳು ಬಂದಳು. ಸಣ್ಣ ದನಿ, ಮುಖದಲ್ಲಿ ಯಾವ ಭಾವವೂ ಇಲ್ಲ. ಕಲಾ ವಿಭಾಗದಿಂದ ಒಂದೇ ಒಂದು ಕೆಲಸವನ್ನು ಆರಿಸಿ ಬುಡದಿಂದ ತುದಿಯವರೆಗೆ ನೋಡುತ್ತೇನೆ ಎಂದಳು. ನಲವತ್ತೊಂದರಲ್ಲಿ ಒಂದು. ಕ್ಲೈವ್ ಅವಳಿಗೆ ಚಹಾ ಕೊಟ್ಟು ಕಪಾಟಿನ ಕೀಲಿ ಕೊಟ್ಟ. ‘ಸೋಮವಾರ’ದ ಕಡತವೇ ಅವಳ ಕೈಗೆ ಹೋದಾಗಲೂ ಅವನ ಎದೆ ಹೊಡೆದುಕೊಳ್ಳಲಿಲ್ಲ. ನೋಡಲಿ, ಒಂದು ಹಾಳೆ ಕಡಿಮೆಯಿದ್ದರೆ ತಾನೇ ಭಯ.

ಹನ್ನೊಂದನೆಯ ದಿನ ಆಕೆ ಬಾಗಿಲು ಮುಂದಕ್ಕೆ ಮಾಡಿ ಅವನೆದುರು ಕೂತಳು.

“ಕಡತ ಬಹಳ ಚೆನ್ನಾಗಿದೆ, ಕ್ಲೈವ್. ಕೊನೇಲಿ ಕಲಾವಿದರನ್ನ ಒಂದ್ಸಲ ಕಂಡು ಮಾತಾಡ್ಬೇಕು ಅಂತ ನಮ್ಮ ಕ್ರಮ. ಫೋನ್ ಹೋಗ್ಲಿಲ್ಲ. ಅದಕ್ಕೆ ಮಂಗಳವಾರ ವಿಮಾನ ಹತ್ತಿ ಹೋಗ್ಬಂದೆ.”

“ದ್ವೀಪಕ್ಕಾ?”

“ಹೂಂ. ನಲವತ್ತು ನಿಮಿಷ ಅಷ್ಟೆ. ಅಂಚೆ ಕಚೇರಿಯಮ್ಮ ತುಂಬ ಒಳ್ಳೇವ್ರು, ಕೇಕ್ ಬೇರೆ ಕೊಟ್ರು. ಮಾರಿಟ್ ಸಾರೆ ಅನ್ನೋರು ಆ ದ್ವೀಪದಲ್ಲಿ ಯಾವತ್ತೂ ಇರ್ಲಿಲ್ಲವಂತೆ. ಆ ಪೆಟ್ಟಿಗೆ ಯಾರದ್ದು ಅಂತಾನೂ ಹೇಳಿದ್ರು.”

ಕಿಟಕಿಯಾಚೆ, ಎರಡು ಬೀದಿ ದೂರದಲ್ಲಿ, ಕಂಚಿನ ಎಡ ಹೆಬ್ಬೆರಳು ಚಾವಣಿಗಳ ಸಂದಿಯಲ್ಲಿ ಕಾಣುತ್ತಿತ್ತು. ತೊಂಬತ್ತು ದಿನ ಎಂದು ಕ್ಲೈವ್ ಎಣಿಸಿದ. ಜೂನ್ ಮುಗಿಯುವುದರೊಳಗೆ ಅಮ್ಮನ ಕೈಗಳು ಕುಲುಮೆಗೆ. ಕೆಲಸ ಹೋಗುವುದು, ಕೋರ್ಟು ಕಚೇರಿ, ಇವು ಯಾವುವೂ ಅವನ ತಲೆಗೆ ಇನ್ನೂ ಬಂದಿರಲಿಲ್ಲ.

“ಒಂದು ಮಾತು ಕೇಳ್ಲಾ?” ಅಂದ. “ಅಷ್ಟೊಂದು ಕೆಲಸಗಳಲ್ಲಿ ನೀವು ಇದನ್ನೇ ಯಾಕೆ ಆರಿಸಿದ್ರಿ? ಏನು ತಪ್ಪು ಕಾಣಿಸ್ತು?”

“ತಪ್ಪೇನೂ ಕಾಣಿಸ್ಲಿಲ್ಲ. ಆರಿಸೋದಕ್ಕೆ ಬೇರೆ ಇರ್ಲೇ ಇಲ್ಲ,” ಅಂದಳು ಲಾನ್ ಫಾಮ್, ಕಡತವನ್ನು ಅವನ ಕಡೆಗೆ ಸರಿಸುತ್ತ. “ಬುಡದಿಂದ ತುದಿವರೆಗೆ ನೋಡ್ಬೇಕು ಅಂದ್ರೆ ತುದಿ ಅನ್ನೋದು ಇರ್ಬೇಕಲ್ಲ. ಇಷ್ಟು ವರ್ಷದಲ್ಲಿ ಮುಕ್ತಾಯ ವರದಿ ಕೊಟ್ಟ ಕಲಾವಿದರು ಈ ಊರಲ್ಲಿ ಇವರೊಬ್ಬರೇ, ಕ್ಲೈವ್. ಉಳಿದ ನಲವತ್ತು ಕಡತದ ಕೊನೇಲೂ ಇರೋದು ವರದಿ ಕಳಿಸಿ ಅಂತ ನೀವು ಬರೆದ ನೆನಪೋಲೆಗಳು ಮಾತ್ರ.”